ನಿಧಾನ ಗಂಟೆಯ ಕಣಿವೆಗೆ

ಗ್ಲೆನ್ ರೆಸ್ಲರನ ವ್ಯಾನು ಅಂಗಳಕ್ಕೆ ಬಂದು ನಿಂತಾಗ ಹಾಲು ಕರೆದಾಗಿತ್ತು, ತಿಂಡಿಯೂ ಮುಗಿದಿತ್ತು. ಎಲಾಮ್ ರೀಲ್‌ನ ತಮಾಷೆ ಮಾತ್ರ ಇನ್ನೂ ಶುರುವಿನಲ್ಲೇ ಇತ್ತು. ಅವನು ಲಾಯದೊಳಗೆ ಹೋಗಿ ಒಂದು ಹಳೆಯ ಲಗಾಮನ್ನು ತಂದು ಅಕ್ಕ ಲವೀನಾಳ ಕೈಯಲ್ಲಿಟ್ಟ.

“ಇದನ್ನ ಮರೀಬೇಡ ಅಕ್ಕ. ಹೊಲಿಗೆ ಬಿಚ್ಚಿದೆ.”

“ಬಿಚ್ಚಿದೆಯೋ, ನೀನೇ ಬಿಚ್ಚಿದ್ದೋ?”

“ಯಾರು ಬಿಚ್ಚಿದ್ರೇನು, ಹೊಲಿಯೋರು ಬೇಕಲ್ಲ. ನಮ್ಮ ಲ್ಯಾಂಕಾಸ್ಟರಲ್ಲಿ ಜೀನು ಹೊಲಿಯೋರ ವಂಶವೇ ಅಳಿದುಹೋಗಿದೆ ನೋಡು. ಬೆಟ್ಟ ದಾಟಿ ಹೋಗದೆ ಬೇರೆ ದಾರಿ ಇಲ್ಲ.”

ಅವರ ಮನೆಯಿಂದ ಕೂಗಿದರೆ ಕೇಳಿಸುವಷ್ಟು ದೂರದಲ್ಲಿ ಒಂದು ಜೀನಿನ ಅಂಗಡಿಯಿತ್ತು. ಅದರಾಚೆಗೆ ಇನ್ನೊಂದಿತ್ತು. ಎಲಾಮನ ಹೆಂಡತಿ ಮೆಲಿಂಡಾ ಕೂಸನ್ನು ಕಂಕುಳಲ್ಲಿಟ್ಟುಕೊಂಡು, ನಗು ಕಾಣಿಸದಂತೆ ಆ ಕಡೆ ತಿರುಗಿ ನಿಂತಳು.

“ಎಲಾಮ್, ಸಾಕು ಮಾಡು,” ಎಂದರು ತಾಯಿ ಫ್ಯಾನಿ. “ನಾವು ಹೋಗ್ತಿರೋದು ನನ್ನ ಚಿಕ್ಕಮ್ಮನ ಮಗಳನ್ನ ಮಾತಾಡಿಸೋಕೆ. ಹಾಗೇ ಎಲೆ ಕೆಂಪಾಗಿರೋದನ್ನ ನೋಡ್ಕೊಂಡು ಬರೋಕೆ. ಅಷ್ಟೇ.”

“ಅಷ್ಟೇ ಅಮ್ಮ. ಎಲೆ ನೋಡೋಕೆ ಅಂತ ಅಕ್ಕ ಹೊಸ ನೀಲಿ ಉಡುಪು ಹೊಲಿಸಿಕೊಂಡಿದಾಳೆ. ಎಲೆಗಳಿಗೆ ಬೇಜಾರಾಗಬಾರದಲ್ಲ.”

ಹಳೆಯ ಕಾಲದ ಕ್ರೈಸ್ತ ಬದುಕನ್ನೇ ಹಿಡಿದುಕೊಂಡು ಬಂದಿರುವ ಆಮಿಶ್ ಜನರಲ್ಲಿ ಒಂದು ಗಂಡಿನ ಹೆಸರನ್ನೂ ಒಂದು ಹೆಣ್ಣಿನ ಹೆಸರನ್ನೂ ಜೊತೆಗೆ ಉಚ್ಚರಿಸುವ ಹಕ್ಕು ಮೊದಲು ಬಿಷಪ್ಪನದು. ಪ್ರಾರ್ಥನೆಯ ಕೊನೆಗೆ ಅವನು ಎದ್ದು ನಿಂತು ಇಂಥವರ ಮದುವೆ ಎಂದು ಸಾರುವವರೆಗೆ ಹೆತ್ತವರೂ ಏನೂ ಗೊತ್ತಿಲ್ಲದವರಂತೆ ಇರಬೇಕು. ಫ್ಯಾನಿ ಆರು ತಿಂಗಳಿಂದ ಏನೂ ಗೊತ್ತಿಲ್ಲದವರಂತೆ ಇದ್ದರು. ಆದರೂ ಬೇಸಿಗೆಯಲ್ಲಿ ಅವರು ಹಿತ್ತಲಲ್ಲಿ ಮೂರು ಉದ್ದ ಸಾಲು ಸೆಲರಿ ಸೊಪ್ಪು ಹಾಕಿದ್ದರು. ಅಷ್ಟು ಸೆಲರಿ ಒಂದು ಮದುವೆಯ ಊಟಕ್ಕಲ್ಲದೆ ಇನ್ನಾವುದಕ್ಕೂ ಬೇಕಾಗುವುದಿಲ್ಲ. ಬೇಲಿಯಾಚೆ ಹಾದುಹೋಗುವ ಹೆಂಗಸರು ಗಾಡಿಯ ವೇಗ ತಗ್ಗಿಸಿ ಆ ಸಾಲುಗಳನ್ನು ನೋಡುತ್ತಿದ್ದರು. “ನಮ್ಮನೇಲಿ ಎಲ್ಲರಿಗೂ ಸೆಲರಿ ಅಂದ್ರೆ ಪ್ರಾಣ,” ಎಂದು ಫ್ಯಾನಿ ಮುಖ ನೆಟ್ಟಗಿಟ್ಟುಕೊಂಡು ಹೇಳುತ್ತಿದ್ದರು.

ಲವೀನಾಳಿಗೆ ಮೂವತ್ತಾರು ವರ್ಷ. ತನ್ನ ಊರಿನ ಒಂದೇ ಕೋಣೆಯ ಶಾಲೆಯಲ್ಲಿ ಒಂದರಿಂದ ಎಂಟರವರೆಗಿನ ಎಲ್ಲ ತರಗತಿಗಳನ್ನೂ ಅವಳೊಬ್ಬಳೇ ನಡೆಸುತ್ತಿದ್ದಳು. ಚಳಿಗಾಲದಲ್ಲಿ ಎಲ್ಲರಿಗಿಂತ ಮೊದಲು ಹೋಗಿ ಒಲೆ ಹೊತ್ತಿಸುವವಳು ಅವಳೇ. ಸಂಜೆ ಕೊನೆಯ ಮಗುವಿನ ಊಟದ ಡಬ್ಬಿ ಹುಡುಕಿಕೊಟ್ಟು ಬಾಗಿಲು ಹಾಕುವವಳೂ ಅವಳೇ. ಮಕ್ಕಳು ಅವಳನ್ನು ಲವೀನಾ ಎಂದೇ ಕರೆಯುತ್ತಿದ್ದವು, ಆದರೆ ಅವಳು ಹುಬ್ಬೆತ್ತಿದರೆ ಸಾಕು, ಇಡೀ ಕೋಣೆಯಲ್ಲಿ ಸೀಮೆಸುಣ್ಣದ ಸದ್ದೊಂದೇ ಉಳಿಯುತ್ತಿತ್ತು. ಆ ಕೆಲಸ ಅವಳಿಗೆ ಇಷ್ಟವಾಗಿತ್ತು. ಮದುವೆಯಿಲ್ಲದೆ ಬದುಕು ಖಾಲಿಯಾಗಿದೆ ಎಂದು ಅವಳಿಗೆ ಅನ್ನಿಸಿದ್ದು ಕಡಿಮೆ. ಅವಳಿಗಿದ್ದ ಕೊರಗು ಬೇರೆ. ಟೀಚರ್ ಬರುತ್ತಾಳೆ ಎಂದರೆ ಜನ ಮನೆ ಗುಡಿಸುತ್ತಿದ್ದರು, ಮಕ್ಕಳ ಮೂಗು ಒರೆಸುತ್ತಿದ್ದರು, ಜಗಳವನ್ನು ಅರ್ಧಕ್ಕೆ ನಿಲ್ಲಿಸಿ ನಗುತ್ತಾ ಬಾಗಿಲಿಗೆ ಬರುತ್ತಿದ್ದರು. ಹದಿನಾಲ್ಕು ವರ್ಷಗಳಿಂದ ಅವಳು ಊರಿನ ಎಲ್ಲರ ಮನೆಗೂ ಹೋಗಿದ್ದಳು, ಯಾರ ಮನೆಯನ್ನೂ ಇದ್ದ ಹಾಗೆ ನೋಡಿರಲಿಲ್ಲ.

ಇಪ್ಪತ್ತಮೂರರ ವಯಸ್ಸಿನಲ್ಲಿ ಅವಳ ಮದುವೆ ರೂಬೆನ್ ಎಂಬವನ ಜೊತೆ ನಿಶ್ಚಯವಾಗಿತ್ತು. ಭಾನುವಾರ ಸಂಜೆ ಹುಡುಗ ಹುಡುಗಿಯರು ಸೇರಿ ಹಾಡುವಾಗ ಅವನ ದನಿ ಎಲ್ಲಕ್ಕಿಂತ ಮೇಲೆ, ಎಲ್ಲಕ್ಕಿಂತ ಮೆತ್ತಗೆ ಕೇಳುತ್ತಿತ್ತು. ಬಿಷಪ್ ಸಾರಬೇಕಾದ ಭಾನುವಾರಕ್ಕೆ ಸ್ವಲ್ಪ ಮೊದಲು ಅವಳು ಅವನ ಅಮ್ಮನಿಗೆ ಏನೋ ಪಾತ್ರೆ ಹಿಂತಿರುಗಿಸಲೆಂದು ಮುಂಚೆ ತಿಳಿಸದೆ ಅವರ ಮನೆಗೆ ಹೋದಳು. ರೂಬೆನ್ ಕೆಸರಿನಲ್ಲಿ ಸಿಕ್ಕಿಕೊಂಡಿದ್ದ ಗಾಡಿಯ ಪಕ್ಕ ನಿಂತು ಕುದುರೆಯ ಹೊಟ್ಟೆಗೆ ಒದೆಯುತ್ತಿದ್ದ. ಒಂದು ಸಲವಲ್ಲ, ಕುದುರೆ ಮಂಡಿಯೂರಿದ ಮೇಲೂ ನಿಲ್ಲಿಸಲಿಲ್ಲ. ಅವಳನ್ನು ಕಂಡ ಕೂಡಲೇ ಅದೇ ಮೆತ್ತಗಿನ ದನಿಯಲ್ಲಿ “ಬಾ ಲವೀನಾ” ಎಂದ. ಅವಳು ಪಾತ್ರೆಯನ್ನು ಅಲ್ಲೇ ನೆಲದ ಮೇಲಿಟ್ಟು ವಾಪಸು ಬಂದಳು. ಮದುವೆ ನಿಂತಿತು. ಇವಳಿಗೆ ಯಾರೂ ಹಿಡಿಸುವುದಿಲ್ಲ ಎಂದು ಊರು ಆಡಿಕೊಂಡಿತು.

ಈಗ ಬೆಟ್ಟದಾಚೆಯ ಕಣಿವೆಯ ಎಜ್ರಾ ಪೀಚಿ. ಜೀನು, ಲಗಾಮು ಹೊಲಿಯುವವನು. ಹೆಂಡತಿ ತೀರಿಕೊಂಡು ಮೂರು ವರ್ಷವಾಗಿತ್ತು, ಇಬ್ಬರು ಹೆಣ್ಣುಮಕ್ಕಳು. ವಸಂತದಲ್ಲಿ ಹರಾಜಿಗೆಂದು ಲ್ಯಾಂಕಾಸ್ಟರಿಗೆ ಬಂದವನು ನೆಂಟರ ಮಕ್ಕಳೊಂದಿಗೆ ಅವಳ ಶಾಲೆಗೂ ಬಂದು, ಹಿಂದಿನ ಬೆಂಚಿನಲ್ಲಿ ಕುಳಿತು ಪಾಠ ಕೇಳಿದ್ದ. ಆಮೇಲೆ ಮೂರು ಸಲ ಅವಳ ಮನೆಗೆ ಬಂದ. ಮೂರು ಸಲವೂ ಬಿಳಿ ಅಂಗಿ, ಕಪ್ಪು ಕೋಟು, ಬಾಚಿದ ಗಡ್ಡ. ಹಣ್ಣು ತುಂಬಿ ಬೇಯಿಸಿದ ಪೈಯನ್ನು ಸಣ್ಣ ತುಂಡು ಮಾಡಿ ತಿಂದ, ಹವಾಮಾನದ ಬಗ್ಗೆ ಮಾತಾಡಿದ, ನೆಟ್ಟಗೆ ಕುಳಿತ. ಕೊನೆಯ ಸಲ, ನಮ್ಮ ಕಣಿವೆಗೊಮ್ಮೆ ಬಂದು ನೋಡಿ, ಆಮೇಲೆ ಹೇಳಿ ಎಂದು ಕೇಳಿದ್ದ. ಲವೀನಾಳಿಗೆ ಅವನು ಹಿಡಿಸಿದ್ದ. ಆದರೆ ಹಿಡಿಸಿದ್ದು ಅವನೋ ಅವನ ಭಾನುವಾರದ ಮುಖವೋ ಎಂದು ಅವಳಿಗೆ ತಿಳಿದಿರಲಿಲ್ಲ. ಈ ಸಲವೂ ಅವನು ಮನೆ ಗುಡಿಸಿ, ಮಕ್ಕಳಿಗೆ ತಲೆ ಬಾಚಿ, ತಂಗಿಯಿಂದ ಅಡುಗೆ ಮಾಡಿಸಿಟ್ಟು ಕಾಯುತ್ತಿರುತ್ತಾನೆ. ಸೋಮವಾರ ವಾಪಸಾಗುವುದರೊಳಗೆ ಅವಳು ಹೌದೋ ಅಲ್ಲವೋ ಹೇಳಬೇಕು. ಗುಡಿಸಿದ ಮನೆ ನೋಡಿ ಹೇಗೆ ಹೇಳುವುದು? ಹಿಂದಿನ ರಾತ್ರಿ ಉಡುಪಿಗೆ ಇಸ್ತ್ರಿ ಹಾಕುವಾಗ ಅವಳನ್ನು ಕಾಡಿದ್ದು ಇದೊಂದೇ.

ಆಮಿಶ್ ಜನ ಕಾರು ಇಟ್ಟುಕೊಳ್ಳುವುದಿಲ್ಲ. ದೂರದ ಪ್ರಯಾಣಕ್ಕೆ ಗ್ಲೆನ್‌ನಂಥವರ ಬಾಡಿಗೆ ವ್ಯಾನೇ ಗತಿ. ಶಾಲಾ ಬಸ್ಸು ಓಡಿಸಿ ನಿವೃತ್ತನಾಗಿದ್ದ ಗ್ಲೆನ್‌ಗೆ ಈ ಮನೆಯವರೆಲ್ಲರ ಹೊಟ್ಟೆಯ ಗುಣವೂ ಗೊತ್ತಿತ್ತು. ಅವನು ಲವೀನಾಳನ್ನು ಮುಂದಿನ ಸೀಟಿನಲ್ಲಿ ಕೂರಿಸಿ, ಕೈಗೊಂದು ಪುದೀನ ಮಿಠಾಯಿ ಕೊಟ್ಟು, ಕಾಲಬಳಿ ಒಂದು ಖಾಲಿ ಐಸ್‌ಕ್ರೀಂ ಡಬ್ಬಿ ಇಟ್ಟ. ಕುದುರೆಗಾಡಿಯಲ್ಲಿ ಎಷ್ಟು ದೂರ ಹೋದರೂ ಏನೂ ಆಗದವಳಿಗೆ ವ್ಯಾನು ತಿರುವು ತೆಗೆದುಕೊಂಡರೆ ಸಾಕು, ಕರುಳೆಲ್ಲ ಬಾಯಿಗೆ ಬರುತ್ತಿತ್ತು.

ಮೊದಲಿಗೆ ರಸ್ತೆ ನೆಟ್ಟಗಿತ್ತು. ಕೊಯ್ದ ಹೊಗೆಸೊಪ್ಪು ಕೊಟ್ಟಿಗೆಗಳಲ್ಲಿ ತಲೆಕೆಳಗಾಗಿ ತೂಗುತ್ತಿತ್ತು. ಮುಸುಕಿನ ಜೋಳದ ಹೊಲಗಳಲ್ಲಿ ಹೇಸರಗತ್ತೆಗಳು ಸಾಲಾಗಿ ಯಂತ್ರ ಎಳೆಯುತ್ತಿದ್ದವು. ಎಲಾಮ್ ಪ್ರತಿ ಹೊಲಕ್ಕೂ ತೀರ್ಪು ಕೊಟ್ಟ. “ಇವನು ತಡ ಮಾಡಿದ. ಇವನು ಬೇಗ ಕೊಯ್ದ. ಇವನ ಸಾಲು ನೋಡಿ, ಕುಡಿದೋನು ಉತ್ತಂಗಿದೆ.”

“ನಮ್ಮ ಸಾಲನ್ನ ದಾರೀಲಿ ಹೋಗೋರು ಏನಂತಾರೋ,” ಎಂದಳು ಮೆಲಿಂಡಾ.

“ನೆಟ್ಟಗಿದೆ ಅಂತಾರೆ.”

“ಯಾಕಂದ್ರೆ ಅದನ್ನ ಉತ್ತಿದ್ದು ನಾನು.”

ನದಿ ದಾಟಿದ ಮೇಲೆ ಬೆಟ್ಟ ಶುರುವಾಯಿತು. ಮೇಪಲ್ ಮರಗಳು ಕೆಂಡದಂತೆ ನಿಂತಿದ್ದವು, ನಡುನಡುವೆ ಓಕ್ ಮರಗಳು ಹಳೆಯ ಚರ್ಮದ ಬಣ್ಣಕ್ಕೆ ತಿರುಗಿದ್ದವು. ಹಿಂದಿನ ಸೀಟಿನಿಂದ “ಅಯ್ಯೋ ನೋಡಿ, ಅಲ್ಲಿ ನೋಡಿ” ಎಂಬ ಕೂಗು ಏಳುತ್ತಲೇ ಇತ್ತು. ಎಲೆ ನೋಡಲೆಂದೇ ಹೊರಟಿದ್ದ ಲವೀನಾ ಮಾತ್ರ ಕಣ್ಣು ಮುಚ್ಚಿ, ಕಿಟಕಿಯ ತಣ್ಣನೆಯ ಗಾಜಿಗೆ ಹಣೆ ಒತ್ತಿಕೊಂಡು, ಹಲ್ಲು ಕಚ್ಚಿ ಕುಳಿತಿದ್ದಳು.

ಅಷ್ಟರಲ್ಲಿ ಫ್ಯಾನಿ ಕೇಳಿದರು: “ಗ್ಲೆನ್, ಆ ಜೀನಿನ ಅಂಗಡಿಗೆ ಫೋನ್ ಮಾಡಿದ್ರಲ್ಲ, ಎಷ್ಟೊತ್ತಿಗೆ ಬರಲಿ ಅಂದ್ರು? ಲಗಾಮು ಕೊಡೋಕೆ ಕಣಪ್ಪ, ಅದಕ್ಕೇ ಕೇಳ್ದೆ.”

“ಮೂರಕ್ಕೆ ಅಂದ್ರು.”

“ಅವರ ಮೂರೋ ನಮ್ಮ ಮೂರೋ?”

ವಸಂತ ಬಂದರೆ ಸರ್ಕಾರ ದೇಶದ ಗಡಿಯಾರಗಳನ್ನೆಲ್ಲ ಒಂದು ಗಂಟೆ ಮುಂದಕ್ಕೆ ತಿರುಗಿಸುತ್ತದೆ, ಚಳಿ ಬರುವ ಹೊತ್ತಿಗೆ ಹಿಂದಕ್ಕೆ ತರುತ್ತದೆ. ಲವೀನಾಳ ಊರಿನವರು ಸರ್ಕಾರದ ಜೊತೆ ಹೋಗುತ್ತಿದ್ದರು, ಅದು ಬೇಗದ ಗಂಟೆ. ಕಣಿವೆಯವರು ಗಡಿಯಾರ ಮುಟ್ಟುತ್ತಿರಲಿಲ್ಲ. ನಮ್ಮ ಹಸುಗಳಿಗೆ ಸರ್ಕಾರದ ಪರಿಚಯವಿಲ್ಲ ಎಂದು ಅವರ ವಾದ. ಅವರದು ನಿಧಾನ ಗಂಟೆ.

“ಅದನ್ನ ಅವರು ಹೇಳ್ಲಿಲ್ಲ, ನಾನೂ ಕೇಳ್ಲಿಲ್ಲ,” ಎಂದ ಗ್ಲೆನ್.

“ಕಣಿವೆಯವರು ಹೇಳಿದ್ದು ಅಂದ್ರೆ ಕಣಿವೆಯ ಗಂಟೆನೇ,” ಎಂದ ಎಲಾಮ್. “ಬಹಳ ಸುಲಭ. ಅವರು ನಮಗಿಂತ ಒಂದು ಗಂಟೆ ಹಿಂದೆ. ಹಿಂದೆ ಅಂದಮೇಲೆ ಕಳೀಬೇಕು. ಮೂರರಲ್ಲಿ ಒಂದು ಕಳೆದ್ರೆ ಎರಡು. ನಮ್ಮ ಎರಡಕ್ಕೆ ಅಲ್ಲಿರಬೇಕು.”

“ಕೂಡಿಸಬೇಕಲ್ವಾ?” ಎಂದಳು ಮೆಲಿಂಡಾ.

“ಹಿಂದೆ ಇರೋದಕ್ಕೆ ಯಾರಾದ್ರೂ ಕೂಡಿಸ್ತಾರಾ? ಹಿಂದೆ ಬಿದ್ದಿರೋ ಹಸುನ ಹುಡುಕೋಕೆ ನೀನು ಮುಂದೆ ಹೋಗ್ತೀಯಾ?”

“ಇದು ಹಸು ಅಲ್ಲ.”

“ಲೆಕ್ಕ ಒಂದೇ. ಬೇಕಾದ್ರೆ ಟೀಚರನ್ನೇ ಕೇಳು. ಅಕ್ಕ, ಕಳೀಬೇಕು ತಾನೇ?”

ಐದನೆಯ ತರಗತಿಯ ಮಕ್ಕಳಿಗೆ ಇದೇ ಲೆಕ್ಕವನ್ನು ಪ್ರತಿ ವರ್ಷ ಕಲಿಸುತ್ತಿದ್ದ ಲವೀನಾಳಿಗೆ ಆ ಹೊತ್ತಿನಲ್ಲಿ ತುಟಿ ಬಿಚ್ಚುವ ಧೈರ್ಯವಿರಲಿಲ್ಲ. ವ್ಯಾನು ಬೆಟ್ಟದ ನೆತ್ತಿಯ ತಿರುವಿನಲ್ಲಿ ಹೊರಳುತ್ತಿತ್ತು. ಅವಳ ತಲೆ ಗಾಜಿನ ಮೇಲೆ ಒಮ್ಮೆ ಮೇಲಕ್ಕೂ ಒಮ್ಮೆ ಕೆಳಕ್ಕೂ ಆಡಿತು.

“ನೋಡಿ, ಹೌದು ಅಂದ್ಲು,” ಎಂದ ಎಲಾಮ್. ಗ್ಲೆನ್ ವೇಗ ಹೆಚ್ಚಿಸಿದ. ಮುಂದಿನ ತಿರುವಿನಲ್ಲಿ ಐಸ್‌ಕ್ರೀಂ ಡಬ್ಬಿ ಕೆಲಸಕ್ಕೆ ಬಂತು.

ಎಜ್ರಾ ಪೀಚಿಯ ಮನೆಯ ಕಾಲುದಾರಿಯ ಬಾಯಲ್ಲಿ ಅವರು ಅವಳನ್ನು ಇಳಿಸಿದರು. ಉಳಿದವರು ಮುಂದಿನ ತೋಟದಲ್ಲಿದ್ದ ಫ್ಯಾನಿಯ ಚಿಕ್ಕಮ್ಮನ ಮಗಳ ಮನೆಗೆ ಹೊರಟರು. “ಹೊಲಿಗೆ ಗಟ್ಟಿಯಾಗಿದೆಯಾ ಅಂತ ಎಳೆದು ನೋಡು ಅಕ್ಕ,” ಎಂದು ಎಲಾಮ್ ಕಿಟಕಿಯಿಂದ ಕೂಗಿದ. ಫ್ಯಾನಿ ಕೈ ಹೊರಗೆ ಹಾಕಿ ಮಗಳ ಟೊಪ್ಪಿಗೆಯ ದಾರವನ್ನು ಸರಿಮಾಡಿದರು.

ಲವೀನಾ ಬೇಲಿಯ ಕಂಬ ಹಿಡಿದು ನಿಂತು ನಾಲ್ಕು ಸಲ ಉಸಿರೆಳೆದುಕೊಂಡಳು. ಗಾಳಿಯಲ್ಲಿ ಸೌದೆಯ ಹೊಗೆಯೂ ಬೆಂದ ಸೇಬಿನ ವಾಸನೆಯೂ ಇತ್ತು. ಲಗಾಮನ್ನು ಹೆಗಲಿಗೆ ಹಾಕಿಕೊಂಡು ನಡೆದು ಅಂಗಡಿಯ ಮೂಲೆ ತಿರುಗಿದಳು. ಅಲ್ಲೇ ನಿಂತುಬಿಟ್ಟಳು.

ಅಂಗಳದ ನಡುವೆ ಬೆಂಕಿಯ ಮೇಲೆ ಒಂದು ದೊಡ್ಡ ತಾಮ್ರದ ಹಂಡೆಯಿತ್ತು. ಸೇಬಿನ ಲೇಹ್ಯ ಗುಳುಗುಳು ಎನ್ನುತ್ತಿತ್ತು. ಆರು ವರ್ಷದ ಪುಟ್ಟಿಯೊಬ್ಬಳು ತನಗಿಂತ ಎರಡು ಪಟ್ಟು ಉದ್ದದ ಮರದ ಹುಟ್ಟನ್ನು ದೂರದಿಂದ ಹಿಡಿದು ತಿರುಗಿಸುತ್ತಿದ್ದಳು. ಹೊಗೆಯ ಆಚೆ, ಹಾಲು ಕರೆಯುವ ಮಣೆಯ ಮೇಲೆ ಎಜ್ರಾ ಪೀಚಿ ಕುಳಿತಿದ್ದ. ಬರಿಗಾಲು, ಮಂಡಿಯವರೆಗೆ ಮಸಿ. ಕಣಿವೆಯ ಗಂಡಸರು ಪ್ಯಾಂಟಿಗೆ ಒಂದೇ ಹೆಗಲಪಟ್ಟಿ ಹಾಕುತ್ತಾರೆ, ಆ ಒಂದೂ ಸೊಂಟದಿಂದ ಕೆಳಗೆ ಜೋತಾಡುತ್ತಿತ್ತು. ಅವನ ಮಂಡಿಗಳ ನಡುವೆ ಹತ್ತು ವರ್ಷದ ಹಿರಿಯ ಮಗಳು ಸಿಕ್ಕಿಕೊಂಡು ಕುಳಿತಿದ್ದಳು. ಅವನು ಬಾಯಿತುಂಬ ಪಿನ್ನು ಕಚ್ಚಿಕೊಂಡು, ಅವಳ ಒದ್ದೆ ಕೂದಲನ್ನು ಬೈತಲೆಯಿಂದ ಬಿಗಿಯಾಗಿ ಹೊಸೆಯುತ್ತಿದ್ದ.

“ಅಪ್ಪಾ, ನೋಯುತ್ತೆ! ಇದು ನನ್ನ ತಲೆ, ಕುದುರೆ ಬಾಲ ಅಲ್ಲ.”

“ಕುದುರೆ ಬಾಲ ಆಗಿದ್ರೆ ಇಷ್ಟೊತ್ತಿಗೆ ಮುಗಿಸಿರ್ತಿದ್ದೆ ರೋಡಾ,” ಎಂದ ಪಿನ್ನುಗಳ ಸಂದಿಯಿಂದ. “ಕುದುರೆ ಬಾಯಿ ಮುಚ್ಕೊಂಡು ನಿಂತಿರುತ್ತೆ.”

“ಅತ್ತೆ ಮಾಡಿದ್ರೆ ನೋಯಲ್ಲ.”

“ಅತ್ತೆ ಬರೋದ್ರೊಳಗೆ ತಲೆ ಆಗಿರಬೇಕು, ಹಂಡೆ ಇಳಿಸಿರಬೇಕು, ಬೂಟು ಹಾಕಿರಬೇಕು ಅಂತ ಅತ್ತೆನೇ ಹೇಳಿ ಹೋಗಿರೋದು. ಅಲುಗಾಡಬೇಡ. ಟಿಲೀ, ತಿರುಗಿಸ್ತಾ ಇದೀಯಾ?”

“ತಿರುಗಿಸ್ತಾ ಇದೀನಿ,” ಎಂದಳು ಚಿಕ್ಕವಳು. ಅದೇ ಗಳಿಗೆಗೆ ಸೌದೆ ರಾಶಿಯಿಂದ ಒಂದು ಬೆಕ್ಕಿನ ಮರಿ ಇಳಿದು ಬಂತು. ಟಿಲಿ ಹುಟ್ಟನ್ನು ಹಂಡೆಯ ಅಂಚಿಗೆ ಒರಗಿಸಿ ಅದರ ಹಿಂದೆ ಹೋದಳು.

ಲವೀನಾ ಕೂಗಿ ಹೇಳಬೇಕೆಂದುಕೊಂಡಳು. ಆದರೆ ತಾನು ಯಾರು, ಯಾಕೆ ಬಂದೆ ಎಂಬುದರಿಂದ ಶುರುಮಾಡಬೇಕಿತ್ತು. ಅಷ್ಟರಲ್ಲಿ ಹೊಗೆಯ ವಾಸನೆ ಬದಲಾಯಿತು. ಲೇಹ್ಯ ತಳ ಹಿಡಿದಿತ್ತು.

ಎಜ್ರಾ ಮೂಗೆತ್ತಿದ. ಪಿನ್ನುಗಳನ್ನು ಉಗಿದು ಎದ್ದ. “ಟಿಲೀ!” ಎಂದು ಅವನು ಕೂಗಿದ್ದಕ್ಕೆ ಕೊಟ್ಟಿಗೆಯ ಮೇಲಿದ್ದ ಪಾರಿವಾಳಗಳೆಲ್ಲ ಹಾರಿದವು. “ಒಂದು ಕೆಲಸ! ಒಂದೇ ಒಂದು ಕೆಲಸ ಹೇಳಿದ್ದು ನಿನಗೆ! ಬೆಳಗಿನಿಂದ ಹೆಚ್ಚಿದ್ದು, ಬೇಯಿಸಿದ್ದು ಎಲ್ಲ ಹಾಳು!” ಹುಟ್ಟನ್ನು ಎಳೆದು ನೆಲಕ್ಕೆ ಬೀಸಿ ಹೊಡೆದ. ಅದು ಚಂಗನೆ ಪುಟಿದು ದೂರ ಬಿತ್ತು. ಪುಟ್ಟಿ ಮರಿಯನ್ನು ಎದೆಗವಚಿಕೊಂಡು ಸೌದೆ ರಾಶಿಯ ಹಿಂದೆ ನುಸುಳಿದಳು.

ಲವೀನಾಳಿಗೆ ರೂಬೆನ್ ನೆನಪಾದ. ಮಂಡಿಯೂರಿದ ಆ ಕುದುರೆ ಕಣ್ಣೆದುರು ಬಂತು. ವ್ಯಾನು ಇನ್ನೂ ಬಹಳ ದೂರ ಹೋಗಿರಲಾರದು, ಹಿಂತಿರುಗಿ ನಡೆದರೆ ಯಾರಿಗೂ ಗೊತ್ತಾಗುವುದಿಲ್ಲ ಎಂದುಕೊಂಡಳು. ಆದರೆ ಕಾಲು ಕೀಳಲಿಲ್ಲ. ಇದನ್ನು ನೋಡಲೆಂದೇ ಅಲ್ಲವೇ ತಾನು ಬಂದದ್ದು? ಪೂರ್ತಿ ನೋಡಬೇಕು.

ಎಜ್ರಾ ಹಂಡೆಯನ್ನು ಸರಪಳಿ ಹಿಡಿದು ಬೆಂಕಿಯಿಂದ ಈಚೆ ಎಳೆದ. ಸೊಂಟದ ಮೇಲೆ ಕೈಯಿಟ್ಟು ಅದರೊಳಗೆ ನೋಡುತ್ತಾ ಸ್ವಲ್ಪ ಹೊತ್ತು ನಿಂತ. ಆಮೇಲೆ ಸೌದೆ ರಾಶಿಯ ಬಳಿಗೆ ಹೋದ. ಹಿಂದಕ್ಕೆ ಕೈ ಹಾಕಿ ಮಗುವನ್ನು ಎಳೆಯಲಿಲ್ಲ. ಈಚೆ ಕಡೆಯಲ್ಲೇ ಮಣ್ಣಿನ ಮೇಲೆ ಕುಳಿತ.

“ಟಿಲಿ, ಕೂಗಿದ್ದು ಜಾಸ್ತಿ ಆಯ್ತು.”

“ಹೌದು,” ಎಂದಿತು ಸೌದೆ ರಾಶಿ.

“ಆರು ವರ್ಷದವಳ ಕೈಗೆ ಹಂಡೆ ಕೊಟ್ಟು ಜಡೆ ಹಾಕ್ತಾ ಕೂತೋನು ಯಾರು?”

“ನೀನು.”

“ಹಾಗಾದ್ರೆ ಬೈಸಿಕೋಬೇಕಾದೋನು ಯಾರು?”

“ನೀನು.” ಸ್ವಲ್ಪ ಹೊತ್ತಿನ ಮೇಲೆ, “ಹುಟ್ಟು ಬಿಸಾಕಿದ್ದೂ ತಪ್ಪು.”

“ಅದೂ ತಪ್ಪೇ. ಮುರಿದಿದ್ರೆ ನಾನೇ ಇನ್ನೊಂದು ಕೆತ್ತಬೇಕಿತ್ತು. ಈಗ ಬಾ. ಮೇಲಿಂದು ಚೆನ್ನಾಗಿದೆಯೇನೋ ನೀನು ನೆಕ್ಕಿ ಹೇಳಬೇಕು. ನನ್ನ ನಾಲಿಗೆಗೆ ಸೀದಿದ್ದೂ ಒಂದೇ ಸಿಹಿಯೂ ಒಂದೇ.”

ಮರಿ ಮೊದಲು ಹೊರಬಂತು, ಹುಡುಗಿ ಆಮೇಲೆ. ಅವಳು ಅಪ್ಪನ ಗಡ್ಡ ಹಿಡಿದುಕೊಂಡು ಎದ್ದು ನಿಂತಳು. ಅದು ದಿನಾ ಹಿಡಿಯುವ ಕೈಯ ಹಿಡಿತ, ಅಂಜಿದ ಮಗುವಿನದಲ್ಲ. ಲವೀನಾಳಿಗೆ ಹದಿನಾಲ್ಕು ವರ್ಷ ಮಕ್ಕಳೊಡನೆ ಕಳೆದು ಕಣ್ಣು ಅಷ್ಟು ಪಳಗಿತ್ತು. ಅಂಜಿದ ಮಗು ಸಮಾಧಾನಕ್ಕೆ ಬಂದರೂ ಒಂದು ಹೆಜ್ಜೆ ದೂರದಲ್ಲೇ ನಿಲ್ಲುತ್ತದೆ.

ಅರ್ಧ ತಲೆ ಬಾಚಿಕೊಂಡಿದ್ದ ರೋಡಾ ಅವಳನ್ನು ಮೊದಲು ಕಂಡಳು. ಕಣಿವೆಯ ಹೆಂಗಸರ ಟೊಪ್ಪಿಗೆಯ ಆಕಾರವೇ ಬೇರೆ. “ಅಪ್ಪಾ, ಲ್ಯಾಂಕಾಸ್ಟರ್ ಟೊಪ್ಪಿಗೆ!”

ಎಜ್ರಾ ತಿರುಗಿದ. ಹೆಗಲಪಟ್ಟಿಗೆ ಕೈ ಹಾಕಿದ, ಸಿಗಲಿಲ್ಲ. ಬರಿಗಾಲನ್ನು ಒಂದರ ಹಿಂದೆ ಒಂದು ಮುಚ್ಚಿಡಲು ನೋಡಿದ, ಅದೂ ಆಗಲಿಲ್ಲ.

“ನೀವು... ಮೂರಕ್ಕೆ ಅಂದಿದ್ದೆ ನಾನು.”

“ಈಗ ಎಷ್ಟು?”

“ನಮ್ಮಲ್ಲಿ ಒಂದು.”

ಲವೀನಾ ಕಣ್ಣು ಮುಚ್ಚಿದಳು. “ಒಂದು ಕೂಡಿಸಿ ನಾಲ್ಕಕ್ಕೆ ಬರಬೇಕಿತ್ತು. ನಮ್ಮ ಎಲಾಮ್ ಕಳೆದು ಎರಡಕ್ಕೆ ಕರ್ಕೊಂಡು ಬಂದ.”

“ನೀವು ಲೆಕ್ಕ ಕಲಿಸೋರು ಅಲ್ವಾ?”

“ಅವನು ಕಳೆಯೋ ಹೊತ್ತಿಗೆ ನಾನು ವಾಂತಿ ತಡ್ಕೊಂಡು ಬಾಯಿ ಮುಚ್ಚಿದ್ದೆ. ಆಮೇಲೆ ತಡೆಯೋಕೂ ಆಗ್ಲಿಲ್ಲ.”

ಎಜ್ರಾ ನಕ್ಕ. ಅವಳ ಅಡುಗೆಮನೆಯಲ್ಲಿ ಮೂರು ಸಲ ಕುಳಿತು ಹೋದವನು ಒಮ್ಮೆಯೂ ಹೀಗೆ ಹಲ್ಲು ಕಾಣುವಂತೆ ನಕ್ಕಿರಲಿಲ್ಲ. ಮೇಲಿನ ಸಾಲಿನಲ್ಲಿ ಒಂದು ಹಲ್ಲು ಇರಲಿಲ್ಲ. ನಕ್ಕವನು ಥಟ್ಟನೆ ನಿಲ್ಲಿಸಿ, ಅಂಗಳವನ್ನು, ಹಂಡೆಯನ್ನು, ಮಗಳ ಅರ್ಧ ತಲೆಯನ್ನು ನೋಡಿದ.

“ರಸ್ತೆ ಆಚೆ ಮನೆ ನಮ್ಮ ಸಲೋಮಾಂದು, ನನ್ನ ತಂಗಿ. ಅಲ್ಲಿ ಹೋಗಿ ಕೂತಿರಿ, ದಯವಿಟ್ಟು. ಮೂರಕ್ಕೆ ಬನ್ನಿ. ಎಲ್ಲಾ ಸರಿ ಇರುತ್ತೆ. ಪೈ ಇರುತ್ತೆ.”

“ಮೂರಕ್ಕೆ ಬಂದ್ರೆ ನಾನು ನೋಡೋದು ನಿಮ್ಮ ತಂಗಿ ಜೋಡಿಸಿಟ್ಟ ಮನೆ.”

“ಅದೇ ಒಳ್ಳೇದು. ನೀವು ಎಷ್ಟೊತ್ತಿಂದ ನಿಂತಿದೀರಿ?”

“ಬೆಕ್ಕಿನ ಮರಿ ಇಳಿದಾಗ್ಲೇ ನಾನಿಲ್ಲಿದ್ದೆ.”

ಅವನ ಮುಖ ಗಡ್ಡದ ಬುಡದಿಂದ ಕೆಂಪಾಗುತ್ತಾ ಹೋಯಿತು. “ಹಾಗಾದ್ರೆ ಕೂಗಿದ್ದು ಕೇಳಿಸಿರುತ್ತೆ.”

“ಕೇಳಿಸ್ತು.”

“ಇದೇ ಮೊದಲ ಸಲ ಅಂದ್ರೆ ಸುಳ್ಳಾಗುತ್ತೆ.”

“ಆಮೇಲೆ ಮಣ್ಣಲ್ಲಿ ಕೂತು ಆಡಿದ ಮಾತೂ ಕೇಳಿಸ್ತು,” ಎಂದಳು ಲವೀನಾ. “ಅದು ಮೊದಲ ಸಲಾನಾ?”

“ಅಲ್ಲ,” ಎಂದಳು ಟಿಲಿ, ಅಪ್ಪನಿಗಿಂತ ಮೊದಲು. “ಯಾವಾಗ್ಲೂ ಅಷ್ಟೇ. ಕೂಗ್ತಾನೆ, ಆಮೇಲೆ ಬಂದು ಕೂತ್ಕೋತಾನೆ.”

ಲವೀನಾ ಲಗಾಮನ್ನು ಬೇಲಿಗೆ ತಗುಲಿಸಿ, ಹೊಸ ಉಡುಪಿನ ತೋಳು ಮಡಚಿದಳು. ಅಡಿ ಕೆರೆಯದೆ ಮೇಲಿನ ಲೇಹ್ಯವನ್ನಷ್ಟೇ ಬೇರೆ ಪಾತ್ರೆಗಳಿಗೆ ತೋಡಿಕೊಳ್ಳಬೇಕು ಎಂದಳು. ಅಷ್ಟು ಅಡುಗೆ ಮಾತ್ರ ಅವಳಿಗೆ ಗೊತ್ತಿತ್ತು. ಎಜ್ರಾ ತೋಡಿದ. ಅವಳು ಮಣೆಯ ಮೇಲೆ ಕುಳಿತು, ರೋಡಾಳ ಕೂದಲನ್ನು ಪೂರ್ತಿ ಬಿಚ್ಚಿ ಮೊದಲಿನಿಂದ ಹೊಸೆದಳು. ಶಾಲೆಯಲ್ಲಿ ಆಟ ಮುಗಿಸಿ ಬಂದವರಿಗೆ ದಿನಾ ಮಾಡುವ ಕೆಲಸವಾಗಿತ್ತು ಅದು.

“ನೋಯಲಿಲ್ಲ,” ಎಂದು ರೋಡಾ ಅಪ್ಪನ ಕಡೆ ನೋಡಿದಳು.

“ಆಯ್ತಮ್ಮ, ನಾನು ಕುದುರೆಗಳ ಹತ್ತಿರಾನೇ ಇರ್ತೀನಿ.”

“ಜಡೆ ಬರುತ್ತೆ, ಅಡುಗೆ ಬರಲ್ಲ,” ಎಂದಳು ಲವೀನಾ. ಇದನ್ನು ಈಗಲೇ ಹೇಳಿಬಿಡಬೇಕು ಅನ್ನಿಸಿತು ಅವಳಿಗೆ. “ನಮ್ಮನೇಲಿ ಅಡುಗೆ ಎಲ್ಲಾ ಅಮ್ಮಂದು. ನಾನು ಮಾಡಿದ ಪೈನ ನಮ್ಮ ನಾಯಿ ಮೂಸಿ ಹೋಗುತ್ತೆ. ಬೆಳಿಗ್ಗೆ ಕಾಫಿ ಕುಡಿಯೋವರೆಗೆ ನನ್ನನ್ನ ಯಾರೂ ಮಾತಾಡಿಸಬಾರದು. ಮಾತಾಡಿಸಿದ್ರೆ ಉರಿದು ಬೀಳ್ತೀನಿ.”

“ಪರವಾಗಿಲ್ಲ,” ಎಂದಳು ರೋಡಾ ಗಂಭೀರವಾಗಿ. “ಅಪ್ಪ ಮಾಡಿದ್ದನ್ನ ತಿಂದು ಅಭ್ಯಾಸ ಇದೆ ನಮಗೆ.”

ಹಂಡೆಯ ತಳ ಉಜ್ಜಲು ಎಜ್ರಾ ಮತ್ತು ಟಿಲಿ ಮರಳು, ಹುಳಿ ಸೇಬಿನ ಸಿಪ್ಪೆ ಹಿಡಿದು ಕುಳಿತರು. ಲವೀನಾಳೂ ಬಗ್ಗಿದಳು. ಮೂವರ ತಲೆಯೂ ಹಂಡೆಯೊಳಗಿದ್ದಾಗಲೇ ಸಲೋಮಾ ಎರಡು ಪೈ ತುಂಬಿದ ಬುಟ್ಟಿ ಹಿಡಿದುಕೊಂಡು ಬಂದಳು.

“ಎಜ್ರಾ! ಬೂಟೆಲ್ಲಿ? ಅಂಗಿಯೆಲ್ಲಿ? ಆ ಹೆಂಗಸು ಬರೋಕೆ ಇನ್ನು ಒಂದೇ ಗಂಟೆ, ನೀನಿನ್ನೂ ಹಂಡೆ ಒಳಗಿದೀಯಲ್ಲೋ! ಅಯ್ಯೋ, ಇದೇನು ಸೀದ ವಾಸನೆ?”

ಹಂಡೆಯಿಂದ ಮೂರು ತಲೆಗಳು ಮೇಲೆದ್ದವು. ಅದರಲ್ಲೊಂದು ಗುರುತಿಲ್ಲದ್ದು. ಸಲೋಮಾಳ ಬಾಯಿ ತೆರೆದದ್ದು ತೆರೆದೇ ಉಳಿಯಿತು.

“ಅತ್ತೆ, ಬೈಯೋದಾದ್ರೆ ಅಪ್ಪನ್ನ ಬೈಯಿ,” ಎಂದಳು ಟಿಲಿ. “ತಪ್ಪು ನಂದ್ಯಾವುದೂ ಇಲ್ಲ. ಆಗ್ಲೇ ತೀರ್ಮಾನ ಆಗಿದೆ.”

ಆದರೂ ಸಲೋಮಾ ತನ್ನ ಲೆಕ್ಕದ ಮೂರು ಗಂಟೆಯನ್ನು ಬಿಟ್ಟುಕೊಡಲಿಲ್ಲ. ಅಣ್ಣನನ್ನು ಬಾವಿಯ ಕಡೆಗೆ ಅಟ್ಟಿದಳು, ಮೇಜಿಗೆ ಬಟ್ಟೆ ಹಾಸಿದಳು, ಒಳ್ಳೆಯ ತಟ್ಟೆಗಳನ್ನು ಇಳಿಸಿದಳು. ನಿಧಾನ ಗಂಟೆಯ ಗಡಿಯಾರ ಮೂರು ಹೊಡೆದಾಗ ಎಲ್ಲರೂ ಮೇಜಿನ ಸುತ್ತ ಕುಳಿತಿದ್ದರು. ಎಜ್ರಾ ಬಿಳಿ ಅಂಗಿ, ಕಪ್ಪು ಕೋಟಿನಲ್ಲಿದ್ದ. ಬೂಟು ಹೊಳೆಯುತ್ತಿತ್ತು. ಪೈಯನ್ನು ಸಣ್ಣ ತುಂಡು ಮಾಡಿ, ನೆಟ್ಟಗೆ ಕುಳಿತು, ಈ ವರ್ಷ ಹಿಮ ಬೇಗ ಬೀಳಬಹುದು ಎಂದ.

ಲವೀನಾ ಅವನ ಮುಖವನ್ನು ನೋಡಿದಳು. ಅದೇ ಭಾನುವಾರದ ಮುಖ. ಈಗ ಅದು ಅವಳನ್ನು ಕಾಡಲಿಲ್ಲ. ಅದರ ಹಿಂದೆ ಏನಿದೆಯೆಂದು ಅವಳಿಗೆ ಗೊತ್ತಿತ್ತು. ಮಣ್ಣಿನಲ್ಲಿ ಕುಳಿತುಕೊಳ್ಳುವುದು ಗೊತ್ತಿರುವವನು ಕೋಟು ಹಾಕಿ ಕುಳಿತರೂ ಅಡ್ಡಿಯಿಲ್ಲ. ಅವಳು ಕಾಫಿಯ ಲೋಟ ಕೆಳಗಿಟ್ಟಳು.

“ಸೋಮವಾರ ಊರಿಗೆ ಹೋದ ಕೂಡಲೇ ಶಾಲೆ ಸಮಿತಿಯವರನ್ನ ನೋಡ್ಬೇಕು,” ಎಂದಳು. “ಬೇರೆ ಹುಡುಗೀನ ಹುಡುಕ್ಕೊಳ್ಳಿ ಅಂತ ಹೇಳ್ಬೇಕು.”

ಎಜ್ರಾನ ಕೈಯಲ್ಲಿದ್ದ ಫೋರ್ಕು ಗಾಳಿಯಲ್ಲೇ ನಿಂತಿತು. “ಸಿಗ್ತಾಳಾ? ಚಳಿಗಾಲದೊಳಗೆ?”

“ನನ್ನ ಹತ್ತಿರ ಓದಿದವಳೇ ಒಬ್ಬಳಿದಾಳೆ. ಗಟ್ಟಿಗಿತ್ತಿ.”

“ನೀವಿಬ್ಬರೂ ಏನು ಮಾತಾಡ್ತಿದೀರಿ?” ಎಂದು ಸಲೋಮಾ ಸಿಡುಕಿದಳು. “ನಾನು ಬೆಳಗಿನಿಂದ ಮೈ ಮುರಿದು ಪೈ ಮಾಡಿರೋದು ಇದಕ್ಕಾ? ಈಗ್ಯಾಕೆ ಶಾಲೆ ವಿಷಯ?”

ರೋಡಾ ಹೊಸ ಜಡೆಯನ್ನು ಮುಟ್ಟಿ ನೋಡಿಕೊಂಡು, ತಗ್ಗಿದ ದನಿಯಲ್ಲಿ ಹೇಳಿದಳು. “ಅತ್ತೆ, ಮದುವೆ ಆದೋರು ಶಾಲೆ ನಡೆಸೋ ಹಾಗಿಲ್ವಲ್ಲ.”

ಸಲೋಮಾ ಪೈ ಕತ್ತರಿಸುವ ಚಾಕು ಹಿಡಿದುಕೊಂಡೇ ಕುರ್ಚಿಯ ಮೇಲೆ ಕುಸಿದಳು. ಅಣ್ಣನ ಮುಖ ನೋಡಿದಳು, ಲವೀನಾಳ ಮುಖ ನೋಡಿದಳು. ಬಿಷಪ್ ಸಾರುವ ತನಕ ಯಾರೂ ಏನೂ ಕೇಳಿಸಿಕೊಂಡಿಲ್ಲ ಎಂಬ ನಿಯಮ ನೆನಪಾಗಿ ಬಾಯಿ ಮುಚ್ಚಿಕೊಂಡಳು. ಆಮೇಲೆ ಎರಡನೆಯ ಪೈಯನ್ನು ಹತ್ತಿರಕ್ಕೆಳೆದುಕೊಂಡು, ಅದರಲ್ಲಿ ಅತಿ ದೊಡ್ಡ ತುಂಡನ್ನು ಕತ್ತರಿಸಿ ಲವೀನಾಳ ತಟ್ಟೆಗೆ ಹಾಕಿದಳು.